ಚಿತ್ರವೆಂದರೆ ಬರಿಯ ಅಲಂಕಾರವೇ?

"ಪರೀಕ್ಷೆಗೆ ಬಾರದ ಚಿತ್ರಗಳನ್ನು ತೋರಿಸಿ ಕಾಲಹರಣ ಮಾಡುತ್ತೀರಿ" ಎಂದು ಸೇವೆಯಲ್ಲಿದ್ದಾಗ ಹಿರಿಯ ಸಹೋದ್ಯೋಗಿಯೊಬ್ಬರು ನನ್ನನ್ನು ಆಕ್ಷೇಪಿಸಿದ್ದುಂಟು. ಆ ಮಾತನ್ನು ನಾನು ಇಂದಿಗೂ ಒಪ್ಪಲಾರೆ. ನಮ್ಮ ಸಿದ್ದಾಪುರದ ಪಕ್ಕದ ಲಾಲ್‌ಬಾಗಿನ ಗಾಜಿನ ಮನೆಯನ್ನೇ ನೋಡಿ. 1889ರಲ್ಲಿ ಅಡಿಗಲ್ಲು ಕಂಡ ಆ ಕಟ್ಟಡವನ್ನು 1935ರಲ್ಲಿ ವಿಸ್ತರಿಸಿದರು. ಅದಕ್ಕೂ ಹಿಂದಿನ ಛಾಯಾಚಿತ್ರವೊಂದನ್ನು ಮಕ್ಕಳ ಕೈಗಿತ್ತು ಅಲ್ಲಿಗೆ ಕರೆದೊಯ್ಯಿರಿ. ಆಮೇಲೆ ಸೇರಿದ ಭಾಗ ಯಾವುದೆಂದು ಅವರೇ ಹುಡುಕಿಯಾರು. ಇತಿಹಾಸಪಾಠವೆಂದರೆ ಅದು, ಇಸವಿಗಳನ್ನು ಉರು ಹೊಡೆಸುವುದಲ್ಲ.

ಚಿತ್ರಗಳನ್ನು ಕಡೆಗಣಿಸಿದ ಫಲವನ್ನು ಉಣ್ಣುತ್ತಲೇ ಇದ್ದೇವೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆಕಂಡದ್ದು 1934ರಲ್ಲಿ; ಅದರ ಒಂದು ಪ್ರತಿಯೂ ಉಳಿದಿಲ್ಲ! ತರಗತಿಯಲ್ಲಿ ಹೆಸರನ್ನಷ್ಟೇ ಹೇಳಬೇಕಾಗಿದೆ.

ಪ್ರಿಯ ವಿದ್ಯಾರ್ಥಿಗಳೇ, ಅಟ್ಟದ ಮೇಲಿನ ಹಳೆಯ ಪಟಗಳನ್ನು ಗುಜರಿಗೆ ಹಾಕಬೇಡಿ. ಹಿಂಬದಿಯಲ್ಲಿ ಊರು, ಇಸವಿ, ಹೆಸರುಗಳನ್ನು ಬರೆದು ಹತ್ತಿರದ ಶಾಲೆಯವರಿಗೆ ತೋರಿಸಿ. ಬರೆಯುವುದು ಪೆನ್ಸಿಲಿನಲ್ಲಿರಲಿ, ಮಸಿ ಬೇಡ.