ಸೋಪು ಕನ್ನಡ ಮಾತಾಡಿತು, ಕಾಡು ಆಡಲಿಲ್ಲ

2012ರ ಮೇ 6ರ ಭಾನುವಾರ ಬೆಳಿಗ್ಗೆ ಆಮಿರ್ ಖಾನ್ ನಡೆಸಿಕೊಡುವ ‘ಸತ್ಯಮೇವ ಜಯತೇ’ಯ ಮೊದಲ ಕಂತು ಟಿ.ವಿ.ಯಲ್ಲಿ ಬಂತು. ಅಂದಿನ ವಿಷಯ ಹೆಣ್ಣು ಭ್ರೂಣಹತ್ಯೆ. ಹಿಂದಿಯಲ್ಲಿ ತಯಾರಾದ ಆ ಕಾರ್ಯಕ್ರಮ ತಮಿಳು, ತೆಲುಗು, ಮಲಯಾಳಂ, ಮರಾಠಿ, ಬಂಗಾಳಿಗಳಿಗೆ ಡಬ್ ಆಯಿತು. ಕನ್ನಡದ ಟಿ.ವಿ.ಗೆ ಮಾತ್ರ ಬರಲಿಲ್ಲ. ಕನ್ನಡದಲ್ಲಿ ನೋಡುವವರಿಲ್ಲ ಎಂದಲ್ಲ. ಡಬ್ ಆದದ್ದು ಕನ್ನಡದ ತೆರೆಗೆ ಬರಕೂಡದು ಎಂದು ಚಿತ್ರರಂಗ ಮತ್ತು ಕಿರುತೆರೆಯ ಸಂಘಟನೆಗಳು ಪಟ್ಟು ಹಿಡಿದಿದ್ದವು.

ಅದೇ ದಿನ ಕನ್ನಡದ ಯಾವ ಚಾನೆಲ್ ಹಾಕಿದ್ದರೂ ಸೋಪು, ಶಾಂಪೂ, ಟೂತ್‌ಪೇಸ್ಟ್, ಮಕ್ಕಳ ಹಾಲಿನ ಪುಡಿ ಎಲ್ಲವೂ ಕನ್ನಡದಲ್ಲೇ ಮಾತಾಡುತ್ತಿದ್ದವು. ಹಿಂದಿಯಲ್ಲಿ ಚಿತ್ರಿಸಿ, ತುಟಿಗೆ ಕನ್ನಡ ಅಂಟಿಸಿದ ಜಾಹೀರಾತುಗಳು ಅವು. ಅವನ್ನು ಯಾರೂ ತಡೆಯಲಿಲ್ಲ. ಅಂದರೆ ಕನ್ನಡದಲ್ಲಿ ಡಬ್ಬಿಂಗ್ ಇರಲೇ ಇಲ್ಲ ಎನ್ನುವುದು ಸರಿಯಲ್ಲ. ಮಾರಾಟಕ್ಕೆ ಡಬ್ಬಿಂಗ್ ಇತ್ತು, ಉಳಿದದ್ದಕ್ಕೆ ಇರಲಿಲ್ಲ. ಕನ್ನಡದ ಮೇಲಿನ ಅಭಿಮಾನವೇ ಕಟ್ಟಿದ ಬೇಲಿ ಕೊನೆಗೆ ಸೋಪಿಗೆ ದಾರಿ ಬಿಟ್ಟು ಭ್ರೂಣಹತ್ಯೆಯ ಚರ್ಚೆಯನ್ನು ಹೊರಗೆ ನಿಲ್ಲಿಸಿತು. ಒಳ್ಳೆಯ ಮೌಲ್ಯವೊಂದು ಇಂಥ ಜಾಗಕ್ಕೆ ಬಂದು ನಿಂತದ್ದು ಹೇಗೆ ಎಂಬುದು ಯೋಚಿಸಬೇಕಾದ ವಿಷಯ.

ಈ ನಿಷೇಧ ಯಾವತ್ತೂ ಕಾನೂನಾಗಿರಲಿಲ್ಲ. ವಿಧಾನಸಭೆ ಇದನ್ನು ಮಾಡಲಿಲ್ಲ, ನ್ಯಾಯಾಲಯ ಹೇಳಲಿಲ್ಲ. ಒಂದು ಸಮುದಾಯ ತನಗೆ ಬೇಕಾದದ್ದು ಇದು ಎಂದು ತೀರ್ಮಾನಿಸಿ, ಅದನ್ನು ಅರ್ಧ ಶತಮಾನ ನಡೆಸಿಕೊಂಡು ಬಂತು. ಸಮಾಜದ ಮೌಲ್ಯಗಳು ಮಾಧ್ಯಮವನ್ನು ಹೇಗೆ ರೂಪಿಸುತ್ತವೆ ಎಂಬುದಕ್ಕೆ ಇದಕ್ಕಿಂತ ನೇರ ಉದಾಹರಣೆ ಸಿಗುವುದು ಕಷ್ಟ.

ಅದು ಶುರುವಾದ ಕಾಲವನ್ನು ನೆನೆದರೆ ತೀರ್ಮಾನ ಅರ್ಥವಾಗುತ್ತದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತಯಾರಾದದ್ದು ಕೊಲ್ಹಾಪುರದಲ್ಲಿ. ಮುಂದಿನ ದಶಕಗಳಲ್ಲಿ ಕನ್ನಡ ಚಿತ್ರಗಳ ಕೆಲಸ ಬಹುಪಾಲು ಮದರಾಸಿನಲ್ಲಿ ನಡೆಯಿತು. ಬೇರೆಯವರ ಸ್ಟುಡಿಯೋ, ಬೇರೆಯವರ ಬಂಡವಾಳ, ಬಿಡುವಿದ್ದಾಗ ಸಿಗುವ ಫ್ಲೋರು. ಕನ್ನಡ ನಾಡು ಒಂದಾದದ್ದೇ 1956ರಲ್ಲಿ. ಅವಕಾಶಗಳು ಬತ್ತಿದಾಗ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಮೊದಲಾದ ಕಲಾವಿದರು ತಾವೇ ಸೇರಿ 1960ರಲ್ಲಿ ‘ರಣಧೀರ ಕಂಠೀರವ’ ತೆಗೆದರು. ಅಂಥ ಹೊತ್ತಿನಲ್ಲಿ ತೆಲುಗು, ತಮಿಳಿನ ಭಾರಿ ಚಿತ್ರಗಳು ಕಡಿಮೆ ಖರ್ಚಿನಲ್ಲಿ ಕನ್ನಡದ ದನಿ ಹೊದ್ದು ಬಂದರೆ, ಕನ್ನಡದಲ್ಲೇ ಚಿತ್ರ ತೆಗೆಯುವವನು ಎಲ್ಲಿಗೆ ಹೋಗಬೇಕು? ಅ.ನ.ಕೃ., ಮ. ರಾಮಮೂರ್ತಿಯವರು ಮುಂದೆ ನಿಂತು ನಡೆಸಿದ ಕನ್ನಡ ಚಳವಳಿ ಈ ಪ್ರಶ್ನೆ ಎತ್ತಿತು. ರಾಜಕುಮಾರ್ ಅದರ ಜೊತೆಗೆ ನಿಂತರು. ಡಬ್ಬಿಂಗ್ ನಿಂತಿತು.

ಆ ಹೋರಾಟದಲ್ಲಿ ಎರಡು ಮೌಲ್ಯಗಳಿದ್ದವು, ಎರಡೂ ಪ್ರಾಮಾಣಿಕವಾದವು. ಒಂದು ಸ್ವಾಭಿಮಾನ: ಕನ್ನಡಕ್ಕೆ ತನ್ನದೇ ನಟ, ತನ್ನದೇ ಕಥೆ, ತನ್ನದೇ ಊರು ತೆರೆಯ ಮೇಲೆ ಬೇಕು. ಇನ್ನೊಂದು ಅನ್ನ: ಲೈಟ್‌ಮ್ಯಾನ್‌ನಿಂದ ಹಿಡಿದು ಪೋಷಕ ನಟಿಯವರೆಗೆ ಸಾವಿರಾರು ಮನೆಗಳ ಒಲೆ ಉರಿಯಬೇಕು. ಆಗ ಸಸಿಯಂತಿದ್ದ ಉದ್ಯಮಕ್ಕೆ ಬೇಲಿ ಬೇಕಿತ್ತು. ಅದನ್ನು ಇವತ್ತು ಹಗುರವಾಗಿ ಮಾತಾಡುವವರು ಆ ಕಾಲದ ಮದರಾಸನ್ನು ಮರೆತಿರುತ್ತಾರೆ.

ತೊಡಕು ಶುರುವಾದದ್ದು ಸಸಿ ಮರವಾದ ಮೇಲೂ ಬೇಲಿ ಹಾಗೇ ಉಳಿದಾಗ. ಬೆಂಗಳೂರು ಸಿನಿಮಾ ನಗರವಾಯಿತು, ಸ್ಟುಡಿಯೋಗಳು ಬಂದವು, ಚಾನೆಲ್‌ಗಳು ಬಂದವು. ಪರಭಾಷೆಯ ಕಥೆಗಳಿಗೆ ಯಾವ ಅಡ್ಡಿಯೂ ಇರಲಿಲ್ಲ. ರೀಮೇಕ್ ಧಾರಾಳವಾಗಿ ನಡೆಯುತ್ತಿತ್ತು. ಮಲಯಾಳದ ‘ಮಣಿಚಿತ್ರತ್ತಾಳ್’ 2004ರಲ್ಲಿ ‘ಆಪ್ತಮಿತ್ರ’ವಾಗಿ ಬಂದು ಮನೆಮಾತಾಯಿತು. ‘ದೃಶ್ಯಂ’ 2014ರಲ್ಲಿ ‘ದೃಶ್ಯ’ವಾಯಿತು. ಪರಭಾಷೆಯ ಚಿತ್ರಗಳು ಅವುಗಳ ಮೂಲ ಭಾಷೆಯಲ್ಲಿ ಬರುವುದಕ್ಕೂ ಅಡ್ಡಿ ಇರಲಿಲ್ಲ. ಬಳ್ಳಾರಿ, ರಾಯಚೂರು, ಕೋಲಾರದ ಥಿಯೇಟರುಗಳಲ್ಲಿ ತೆಲುಗು ಚಿತ್ರ ತೆಲುಗಿನಲ್ಲೇ ಓಡುತ್ತಿತ್ತು. ತಡೆದದ್ದು ಒಂದೇ, ಅವು ಕನ್ನಡದಲ್ಲಿ ಮಾತಾಡುವುದನ್ನು.

ಹೀಗಾಗಿ ಕನ್ನಡದ ಹೆಸರಿನ ನಿಯಮವೊಂದು ಕನ್ನಡಿಗರನ್ನು ದಿನಾ ಬೇರೆ ಭಾಷೆಯ ಕಡೆಗೆ ಕಳಿಸಿಕೊಟ್ಟಿತು. ಹಾಲಿವುಡ್ ಚಿತ್ರ ನೋಡಬೇಕೆಂದವನು ಹಿಂದಿಯಲ್ಲೋ ತೆಲುಗಿನಲ್ಲೋ ನೋಡಿದ. ಎರಡು ಮೂರು ಭಾಷೆ ಬಲ್ಲ ಬೆಂಗಳೂರಿನ ಉದ್ಯೋಗಸ್ಥನಿಗೆ ಇದರಿಂದ ಕಳೆದುಹೋದದ್ದು ಏನೂ ಇಲ್ಲ. ಕಳೆದುಕೊಂಡವಳು ಕನ್ನಡವೊಂದನ್ನೇ ಬಲ್ಲ ಹಳ್ಳಿಯ ಹೆಂಗಸು. ಯಾರ ಬಳಿ ಕನ್ನಡ ಬಿಟ್ಟು ಬೇರೆ ಆಸ್ತಿ ಇರಲಿಲ್ಲವೋ ಅವರಿಗೇ ಕನ್ನಡಾಭಿಮಾನ ಹೆಚ್ಚು ದುಬಾರಿಯಾಯಿತು.

ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರು ಕನ್ನಡದ ವಿರೋಧಿಗಳಲ್ಲ, ಕನ್ನಡಪರರೇ. ಕನ್ನಡ ಗ್ರಾಹಕರ ಕೂಟ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. 2014ರ ಜನವರಿಯಲ್ಲಿ ಚಿತ್ರರಂಗ ಡಬ್ಬಿಂಗ್ ವಿರೋಧಿಸಿ ಬೀದಿಗಿಳಿಯಿತು. 2015ರ ಜುಲೈನಲ್ಲಿ ಆಯೋಗ ತನ್ನ ಆದೇಶದಲ್ಲಿ ಡಬ್ಬಿಂಗ್ ತಡೆಯುವುದು ಸ್ಪರ್ಧೆಗೆ ವಿರುದ್ಧ ಎಂದು ಹೇಳಿ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಸೇರಿದಂತೆ ಉದ್ಯಮದ ಸಂಘಟನೆಗಳಿಗೆ ದಂಡ ಹಾಕಿತು. ಬಂಗಾಳದಲ್ಲೂ ಇದೇ ಬಗೆಯ ಜಗಳ ನಡೆದಿತ್ತು. ಬಂಗಾಳಿಗೆ ಡಬ್ ಆದ ‘ಮಹಾಭಾರತ’ ಧಾರಾವಾಹಿಗೆ ಅಲ್ಲಿನ ಕಲಾವಿದರು ಮತ್ತು ತಂತ್ರಜ್ಞರು ಅಡ್ಡಿಪಡಿಸಿದ್ದ ಪ್ರಕರಣದಲ್ಲಿ 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆಯೋಗದ ನಿಲುವನ್ನೇ ಎತ್ತಿಹಿಡಿಯಿತು.

ಇಲ್ಲಿ ‘ಗ್ರಾಹಕ’ ಎಂಬ ಪದವನ್ನು ಸ್ವಲ್ಪ ನಿಂತು ನೋಡಬೇಕು. ಅರವತ್ತರ ದಶಕದ ಚಳವಳಿಗೆ ಕನ್ನಡಿಗ ಎಂದರೆ ಅಭಿಮಾನಿ. ಅವನು ತನ್ನ ಭಾಷೆಗಾಗಿ ಏನನ್ನಾದರೂ ಬಿಟ್ಟುಕೊಡುವವನು. ಹೊಸ ಚಳವಳಿಗೆ ಕನ್ನಡಿಗ ಎಂದರೆ ಗ್ರಾಹಕ, ತನ್ನ ಭಾಷೆಯಲ್ಲಿ ಏನನ್ನಾದರೂ ಕೇಳಿ ಪಡೆಯುವವನು. ಅಂಗಡಿಯ ವಾಸನೆ ಇದೆ ಎಂದು ಈ ಪದವನ್ನು ಹಲವರು ಹೀಗಳೆದರು. ಆದರೆ ‘ಗ್ರಾಹಕ’ ಮತ್ತು ‘ಗ್ರಹಿಸು’ ಒಂದೇ ಬೇರಿನ ಮಾತುಗಳು. ಕೊಳ್ಳುವವನೂ ಗ್ರಾಹಕನೇ, ಅರ್ಥ ಮಾಡಿಕೊಳ್ಳುವವನೂ ಗ್ರಾಹಕನೇ. ಕನ್ನಡದ ಮೇಲಿನ ಪ್ರೀತಿ ಎರಡು ಕಾಲದಲ್ಲೂ ಅದೇ. ಬದಲಾದದ್ದು ಆ ಪ್ರೀತಿಯ ಲೆಕ್ಕದಲ್ಲಿ ಯಾರು ಬರುತ್ತಾರೆ ಎಂಬುದು. ಮೊದಲು ಕನ್ನಡದಲ್ಲಿ ತಯಾರಿಸುವವನು ಮಾತ್ರ ಲೆಕ್ಕಕ್ಕಿದ್ದ. ಈಗ ಕನ್ನಡದಲ್ಲಿ ಕೇಳುವವಳೂ ಸೇರಿಕೊಂಡಳು. ಮೌಲ್ಯ ಬದಲಾಗಿ ಸಮಾಜ ಬದಲಾಗುತ್ತದೆ ಎನ್ನುವ ಮಾತು ಇಲ್ಲಿ ಪೂರ್ತಿ ನಿಜವಲ್ಲ. ಅದೇ ಮೌಲ್ಯದ ಪಂಕ್ತಿಯಲ್ಲಿ ಇನ್ನೂ ನಾಲ್ಕು ಜನರಿಗೆ ಎಲೆ ಹಾಕಿದ್ದೇ ಇಲ್ಲಿ ಬದಲಾವಣೆ ತಂದದ್ದು.

ಆದೇಶ ಬಂದ ಕೂಡಲೇ ಬಾಗಿಲು ತೆರೆಯಲಿಲ್ಲ. ಅಜಿತ್ ನಟಿಸಿದ್ದ ‘ಎನ್ನೈ ಅರಿಂದಾಲ್’ 2017ರಲ್ಲಿ ‘ಸತ್ಯದೇವ್ ಐಪಿಎಸ್’ ಆಗಿ ಬಂದಾಗ ಪ್ರತಿಭಟನೆ ಎದುರಿಸಬೇಕಾಯಿತು. ನಿಜವಾಗಿ ಬಾಗಿಲು ತೆರೆದದ್ದು 2020ರ ಲಾಕ್‌ಡೌನ್. ಶೂಟಿಂಗ್ ನಿಂತು ಚಾನೆಲ್‌ಗಳ ಬಳಿ ಹೊಸ ಕಂತುಗಳು ಇಲ್ಲವಾದಾಗ ಕನ್ನಡಕ್ಕೆ ಡಬ್ ಆದ ‘ಮಹಾಭಾರತ’ ಬಂತು. ಮನೆಮನೆಯಲ್ಲಿ ಅಜ್ಜಿ ಮೊಮ್ಮಕ್ಕಳು ಒಟ್ಟಿಗೆ ಕೂತು ನೋಡಿದರು. ಶೂಟಿಂಗ್ ಮತ್ತೆ ಶುರುವಾದಾಗ ಕನ್ನಡದ ಸ್ವಂತ ಧಾರಾವಾಹಿಗಳು ಸಂಜೆಯ ಹೊತ್ತಿಗೆ ಮರಳಿದವು, ಇವತ್ತಿಗೂ ಅಲ್ಲೇ ಇವೆ. ಹೆದರಿದ್ದಷ್ಟು ಆಗಲಿಲ್ಲ.

ಈ ನಡುವೆ ಇನ್ನೊಂದು ಬೆಳವಣಿಗೆ ನಡೆಯಿತು. 2018ರಲ್ಲಿ ‘ಕೆಜಿಎಫ್’ ಹಿಂದಿ, ತಮಿಳು, ತೆಲುಗು, ಮಲಯಾಳಂಗಳಿಗೆ ಡಬ್ ಆಗಿ ದೇಶವೆಲ್ಲ ಸುತ್ತಿತು. 2022ರಲ್ಲಿ ‘ಕಾಂತಾರ’ ಮೊದಲು ಕನ್ನಡದಲ್ಲಷ್ಟೇ ಬಂದು, ಬೇಡಿಕೆ ಹೆಚ್ಚಿದ ಮೇಲೆ ಬೇರೆ ಭಾಷೆಗಳಿಗೆ ಹೋಯಿತು. ಪುಣೆ, ದೆಹಲಿಯ ಕಚೇರಿಗಳಲ್ಲಿ ಕನ್ನಡಿಗರು ಎದೆಯುಬ್ಬಿಸಿ ಓಡಾಡಿದರು. ಆ ಹೆಮ್ಮೆ ಸಹಜ. ಆದರೆ ನಮ್ಮ ಚಿತ್ರ ಅವರ ಭಾಷೆಯಲ್ಲಿ ಮಾತಾಡಿದರೆ ಗೆಲುವು, ಅವರ ಚಿತ್ರ ನಮ್ಮ ಭಾಷೆಯಲ್ಲಿ ಮಾತಾಡಿದರೆ ದಾಳಿ ಎನ್ನುವ ವಾದ ಇನ್ನು ನಿಲ್ಲದು. ಕೊಡುವ ಕೈಗೆ ಒಂದು ನ್ಯಾಯ, ತೆಗೆದುಕೊಳ್ಳುವ ಕೈಗೆ ಇನ್ನೊಂದು ನ್ಯಾಯ ಇರಲಾಗದು.

ಹಾಗಾದರೆ ಹಳೆಯ ಹೋರಾಟದ ಮೌಲ್ಯಗಳನ್ನು ಕಟ್ಟಿ ಅಟ್ಟಕ್ಕೆ ಹಾಕಬೇಕೆ? ಖಂಡಿತ ಬೇಡ. ಸ್ವಾಭಿಮಾನ ಮತ್ತು ಅನ್ನ ಎರಡೂ ಇವತ್ತು ಬೇಕು. ಅವು ಕಾವಲು ಕಾಯಬೇಕಾದ ಜಾಗ ಮಾತ್ರ ಬೇರೆ.

ಈಗ ಕನ್ನಡಕ್ಕೆ ಬರುತ್ತಿರುವ ಡಬ್ಬಿಂಗ್ ಕೇಳಿದರೆ ಇದು ತಿಳಿಯುತ್ತದೆ. ಹಿಂದಿಯ ಮಗ ತಾಯಿಯನ್ನು ‘ಆಪ್’ ಎಂದರೆ ಕನ್ನಡದ ಮಗ ‘ನೀವು’ ಎನ್ನುತ್ತಾನೆ. ತಾಯಿಗೆ ‘ನೀವು’ ಎನ್ನುವ ಮನೆಗಳು ಕನ್ನಡದಲ್ಲಿ ಇವೆ, ನಿಜ. ಆದರೆ ‘ಅವ್ವಾ, ನೀ ಯಾವಾಗ ಬರ್ತಿ’ ಎನ್ನುವ ಮನೆಗಳೂ ಲೆಕ್ಕವಿಲ್ಲದಷ್ಟಿವೆ. ಅಲ್ಲಿ ‘ನೀವು’ ಎಂದರೆ ಮಗ ಮುನಿಸಿಕೊಂಡಿದ್ದಾನೆ ಎಂದೇ ಅರ್ಥ. ಒಂದು ಸರ್ವನಾಮದಲ್ಲಿ ಒಂದು ಮನೆಯ ಸಲಿಗೆ, ಭಯ, ಗೌರವ ಎಲ್ಲ ಅಡಗಿರುತ್ತದೆ. ಹಿಂದಿಯಲ್ಲಿ ‘ಕ್ಯಾ ಬಾತ್ ಹೈ’ ಎಂದು ಮೆಚ್ಚಿದ್ದು ಕನ್ನಡದಲ್ಲಿ ‘ಏನು ಮಾತು’ ಎಂದಾಗಿಬಿಟ್ಟರೆ ಬೈದಂತೆ ಕೇಳುತ್ತದೆ. ಗೌಡರ ಜಗಲಿಯಾಗಲಿ, ಕರಾವಳಿಯ ಅಂಗಳವಾಗಲಿ, ಕಲಬುರಗಿಯ ಸಂತೆಯಾಗಲಿ, ಎಲ್ಲರೂ ಒಂದೇ ಪಠ್ಯಪುಸ್ತಕದ ಕನ್ನಡ ಆಡುತ್ತಾರೆ. ‘ಕಾಂತಾರ’ದ ಕರಾವಳಿ ಕನ್ನಡಕ್ಕೆ ಬೇರೆ ಭಾಷೆಗಳಲ್ಲಿ ಅದೇ ತೂಕದ ಸೊಗಡು ಹುಡುಕಲಿ ಎಂದು ಬಯಸುವವರು, ಕನ್ನಡಕ್ಕೆ ಬರುವ ಮಲಬಾರಿನ ಅಥವಾ ಮಧುರೆಯ ಮಾತಿಗೂ ಅಷ್ಟೇ ಕಾಳಜಿ ಕೇಳಬೇಕು.

ಡಬ್ಬಿಂಗ್ ಸಂಭಾಷಣೆ ಬರೆಯುವುದು ಸುಲಭದ ಕೆಲಸವಲ್ಲ. ನಟನ ಮುಖ ಹತ್ತಿರದಲ್ಲಿ ಕಾಣುವಾಗ ಪ, ಬ, ಮ ಬಂದ ಕಡೆ ತುಟಿ ಮುಚ್ಚುತ್ತದೆ. ಕನ್ನಡದ ಮಾತಿನಲ್ಲೂ ಅದೇ ಗಳಿಗೆಗೆ ಅಂಥದೇ ಅಕ್ಷರ ಬೀಳಬೇಕು. ಮಾತಿನ ಉದ್ದ ಸರಿಯಾಗಬೇಕು, ಅರ್ಥ ಕೆಡಬಾರದು, ಮನೆಯ ಮಾತಿನಂತೆ ಕೇಳಬೇಕು. ಪುಸ್ತಕದ ಅನುವಾದಕನ ಹೆಸರು ಈಗೀಗ ಮುಖಪುಟಕ್ಕೆ ಬರುತ್ತಿದೆ. ತೆರೆಯ ಮಾತು ಬರೆದವನ ಹೆಸರು ಹುಡುಕಿದರೂ ಸಿಗುವುದು ಅಪರೂಪ, ಧ್ವನಿ ಕೊಟ್ಟವರದಂತೂ ಇನ್ನೂ ಅಪರೂಪ. ಯಂತ್ರದ ಧ್ವನಿ ಅಗ್ಗವಾಗುತ್ತಿರುವ ಈ ದಿನಗಳಲ್ಲಿ ಹೆಸರಿಲ್ಲದ ಕೆಲಸವೇ ಮೊದಲು ಕೈತಪ್ಪುವುದು. ಅರವತ್ತರ ದಶಕದಲ್ಲಿ ಲೈಟ್‌ಮ್ಯಾನ್‌ನ ಅನ್ನಕ್ಕಾಗಿ ನಿಂತ ಸಂಘಟನೆಗಳು ಇವತ್ತು ಇವರಿಗಾಗಿ ನಿಲ್ಲಬೇಕು: ಕನ್ನಡ ಆವೃತ್ತಿಗೆ ಕನ್ನಡದ ಬರಹಗಾರ, ಕನ್ನಡದ ಕಲಾವಿದ, ತೆರೆಯ ಮೇಲೆ ಹೆಸರು, ಕೈಗೆ ತಕ್ಕ ಸಂಬಳ, ಬರೆಯಲು ಸಾಕಷ್ಟು ಸಮಯ. ಇದಕ್ಕಾಗಿ ಬೀದಿಗಿಳಿದರೆ ಗ್ರಾಹಕರೂ ಜೊತೆಗೆ ನಡೆಯುತ್ತಾರೆ.

ಹೊರನಾಡಿನ ಮನೆಗಳಿಗೆ ಇದರಲ್ಲಿ ದೊಡ್ಡ ಪಾಲಿದೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 4 ಕೋಟಿ 37 ಲಕ್ಷ. ಅವರಲ್ಲಿ ಸುಮಾರು 30 ಲಕ್ಷ ಜನ ಕರ್ನಾಟಕದ ಹೊರಗಿದ್ದಾರೆ. ಮುಂಬೈ, ಹೈದರಾಬಾದಿನಲ್ಲಿ ಬೆಳೆಯುವ ಎಷ್ಟೋ ಮಕ್ಕಳಿಗೆ ಕನ್ನಡದ ಲಿಪಿ ಬರುವುದಿಲ್ಲ, ಕಿವಿ ಮಾತ್ರ ಕನ್ನಡದ್ದು. ಅಪ್ಪ ಅಮ್ಮ ಬೈಯುವ ಕನ್ನಡ, ಫೋನಿನಲ್ಲಿ ಅಜ್ಜಿ ಆಡುವ ಕನ್ನಡ ಅವರಿಗೆ ಗೊತ್ತು. ಡೈನೋಸಾರಿನ ಕನ್ನಡ, ಬಾಹ್ಯಾಕಾಶದ ಕನ್ನಡ, ನಗೆಚಾಟಿಕೆಯ ಕನ್ನಡ ಕೇಳಲು ಅವರಿಗಿರುವ ದಾರಿ ತೆರೆ ಮಾತ್ರ. ಮೊಬೈಲಿನಲ್ಲಿ ಕನ್ನಡದ ಆಯ್ಕೆ ಇದ್ದರೂ ಅಭ್ಯಾಸಬಲದಿಂದ ಹಿಂದಿ ಒತ್ತುವ ಮನೆಗಳು ಕಡಿಮೆಯೇನಲ್ಲ. ಆ ಒಂದು ಒತ್ತುವಿಕೆಯೂ ಲೆಕ್ಕಕ್ಕೆ ಸೇರುತ್ತದೆ. ಕೇಳುವವರಿಲ್ಲದ ಭಾಷೆಗೆ ಯಾವ ಕಂಪನಿಯೂ ದುಡ್ಡು ಹಾಕುವುದಿಲ್ಲ.

ಕರ್ನಾಟಕದ ಕಾಡುಗಳ ಬಗ್ಗೆ ‘ವೈಲ್ಡ್ ಕರ್ನಾಟಕ’ ಎಂಬ ಸಾಕ್ಷ್ಯಚಿತ್ರ 2020ರಲ್ಲಿ ಬಂತು. ಅದರ ಇಂಗ್ಲಿಷ್ ನಿರೂಪಣೆ ಡೇವಿಡ್ ಅಟೆನ್‌ಬರೋ ಅವರದು. ಆ ವರ್ಷದ ಜೂನ್‌ನಲ್ಲಿ ಟಿ.ವಿ.ಗೆ ಬಂದಾಗ ಕನ್ನಡದ ನಿರೂಪಣೆಯೂ ಇತ್ತು, ರಿಷಬ್ ಶೆಟ್ಟಿಯವರ ದನಿಯಲ್ಲಿ. ಕಬಿನಿಯ ಆನೆಯೋ ಪಶ್ಚಿಮಘಟ್ಟದ ಕಾಳಿಂಗವೋ ಕನ್ನಡದ ಮಗುವಿಗೆ ಕನ್ನಡದಲ್ಲೇ ಪರಿಚಯವಾಗುವುದು ಎಷ್ಟು ಸಹಜ. ಆ ಸಹಜಕ್ಕೆ ಬರಲು ಅರ್ಧ ಶತಮಾನ ಹಿಡಿಯಿತು. ಸೋಪಿಗೆ ಅಷ್ಟು ದಿನ ಬೇಕಾಗಿರಲಿಲ್ಲ.