ಉಪ್ಪು, ಸಕ್ಕರೆ ಮತ್ತು ಕರುಳಿನ ಬಾಗಿಲು

ಭೀಮೆಯ ದಂಡೆಯ ಅಫಜಲಪುರ, ಜೇವರ್ಗಿಯಾಗಲಿ, ಗಡಿಯಂಚಿನ ಆಳಂದವಾಗಲಿ, ಬೇಸಿಗೆಯಲ್ಲಿ ನೀರು ತಳ ಕಂಡಾಗ ಮತ್ತು ಮೊದಲ ಮಳೆಗೆ ಕೊಚ್ಚೆ ಬಾವಿ ಸೇರಿದಾಗ ತಾಯಂದಿರಿಗೆ ಮಕ್ಕಳ ವಾಂತಿಭೇದಿಯದೇ ಚಿಂತೆ. "ನೀರು ಕೊಡಬೇಡ, ಭೇದಿ ಹೆಚ್ಚಾಗುತ್ತದೆ" ಎನ್ನುವ ಹಿರಿಯರಿದ್ದಾರೆ. ಬರೀ ಗ್ಲೂಕೋಸ್ ನೀರು ಕುಡಿಸುವವರೂ ಇದ್ದಾರೆ. ಸಹೋದರಿಯರೇ, ಎರಡೂ ತಪ್ಪು. ಏಕೆಂದು ನೋಡೋಣ.

ನಮ್ಮ ಕರುಳಿನ ಜೀವಕೋಶಗಳಿಗೆ ಕೊಬ್ಬಿನ ತೆಳು ಪೊರೆಯಿದೆ. ಉಪ್ಪಾಗಲಿ ಸಕ್ಕರೆಯಾಗಲಿ ಅದನ್ನು ತಾವಾಗಿ ದಾಟಲಾರವು. ಪೊರೆಯಲ್ಲಿ ನೆಟ್ಟಿರುವ ಪ್ರೋಟೀನುಗಳೇ ಅವುಗಳಿಗೆ ಬಾಗಿಲು. ಗ್ಲೂಕೋಸ್ ಒಳಹೋಗುವ ಬಾಗಿಲಿಗೆ ಉಪ್ಪಿನ ಸೋಡಿಯಂ ಕೂಡ ಜೊತೆಗಿರಬೇಕು ಎಂದು ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್ ನಗರದಲ್ಲಿ ತಿಳಿಸಿದರು.

ಇಂಥದೇ ಬಾಗಿಲು ಮೂತ್ರಪಿಂಡದಲ್ಲೂ ಇದೆ. 1976ರಲ್ಲಿ ಕ್ರೇನ್, ಪಿ. ಮಾಲತಿ ಮತ್ತು ಸಂಗಡಿಗರು ಮೊಲದ ಮೂತ್ರಪಿಂಡದ ಪೊರೆಯಿಂದ ಪ್ರೋಟೀನುಗಳನ್ನು ಸಾಬೂನಿನಂತಹ ದ್ರಾವಣದಿಂದ ಬಿಡಿಸಿ, ಕೃತಕ ಕೊಬ್ಬಿನ ಗುಳ್ಳೆಗಳಲ್ಲಿ ಕೂರಿಸಿದರು. ಸೋಡಿಯಂ ಇದ್ದಾಗ ಗ್ಲೂಕೋಸ್ ಗುಳ್ಳೆಯೊಳಗೆ ಸೇರಿತು. ಜೀವಕೋಶವೇ ಇಲ್ಲದಿದ್ದರೂ ಬಾಗಿಲು ಕೆಲಸ ಮಾಡಿತು!

ಕಾಲರಾ ಬಂದಾಗಲೂ ಈ ಬಾಗಿಲು ಕೆಡುವುದಿಲ್ಲ. ಉಪ್ಪು-ಸಕ್ಕರೆ ಒಳಹೋದರೆ ನೀರೂ ಹಿಂದೆಯೇ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಸಲೈನ್ ಸಾಲದಾದಾಗ ಡಾ. ದಿಲೀಪ್ ಮಹಲನಬೀಸ್ ಈ ನೀರನ್ನೇ ರೋಗಿಗಳ ಮನೆಯವರ ಕೈಯಿಂದ ಕುಡಿಸಿದರು. ಶೇ. 30ರಷ್ಟಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು.

ಆಶಾ ಕಾರ್ಯಕರ್ತೆಯರ ಬಳಿ ಓಆರ್‌ಎಸ್ ಪೊಟ್ಟಣ ಸಿಗುತ್ತದೆ. ಅದರ ಮೇಲೆ ಬರೆದಷ್ಟೇ ನೀರಿಗೆ ಇಡೀ ಪೊಟ್ಟಣ ಹಾಕಿ. ಅದಿಲ್ಲದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಸಮತಟ್ಟಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ. ಅಳತೆ ಮೀರಬಾರದು. ಉಪ್ಪು ಹೆಚ್ಚಾದರೆ ಅಪಾಯ, ಸಕ್ಕರೆ ಹೆಚ್ಚಾದರೆ ಭೇದಿಯೇ ಹೆಚ್ಚುತ್ತದೆ. ಗುಟುಕು ಗುಟುಕಾಗಿ ಕುಡಿಸಿ. ವಾಂತಿಯಾದರೆ 10 ನಿಮಿಷ ಬಿಟ್ಟು ಮತ್ತೆ ಕೊಡಿ. ಎದೆಹಾಲು ನಿಲ್ಲಿಸಬೇಡಿ. ಅಂಗಡಿಯ ಸಿಹಿ ಪಾನೀಯಗಳನ್ನು ಓಆರ್‌ಎಸ್ ಎಂದು ನಂಬಬೇಡಿ. ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಆ ಹೆಸರು ಹಾಕಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.

ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಗು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ದಾರಿಯಲ್ಲೂ ಕುಡಿಸುತ್ತಿರಿ.

ಪ್ರತಿ ರೋಗಕ್ಕೂ ಅಲ್ಲಾಹನು ಮದ್ದಿಟ್ಟಿದ್ದಾನೆಂದು ಪ್ರವಾದಿ(ಸ) ಕಲಿಸಿದರು. ಈ ಮದ್ದು ನಮ್ಮ ಅಡುಗೆಮನೆಯ ಡಬ್ಬಿಯಲ್ಲೇ ಇದೆ. ದುಆದ ಜೊತೆ ಚಮಚದ ಅಳತೆಯೂ ಸರಿಯಿರಲಿ.