ಹನ್ನೊಂದರಲ್ಲಿ ಒಂದು ಕುರ್ಚಿ ಕಾಡಿನವರಿಗೆ

ವಡಗಾವಿಯ ಗಲ್ಲಿಗಳಲ್ಲಿ ಪವರ್‌ಲೂಮಿನ ಸದ್ದು ಬೆನ್ನಿಗೇ ಇರುತ್ತದೆ. ಖಾಸಬಾಗ, ಶಹಾಪುರ, ಅನಗೋಳದವರೆಗೂ ಇದೇ ಸದ್ದು. ನೂಲಿನ ದರ, ಕರೆಂಟ್ ಬಿಲ್ಲು, ಸಾಲದ ಕಂತು ಎಂದು ನೇಕಾರರ ಕಷ್ಟಗಳಿಗೆ ಕೊನೆಯಿಲ್ಲ. ಆದರೂ ಬೆಳಗಾವಿ ದಕ್ಷಿಣ ಕ್ಷೇತ್ರದಲ್ಲಿ ಚುನಾವಣೆ ಬಂದರೆ ಈ ಗಲ್ಲಿಗಳಿಗೆ ಕಾಲಿಡದೆ ಹೋಗುವ ಧೈರ್ಯ ಯಾವ ಅಭ್ಯರ್ಥಿಗೂ ಇಲ್ಲ. ಒತ್ತಾಗಿ ಬದುಕುವವರ ಮತಕ್ಕೆ ತೂಕವಿದೆ.

ಅಲ್ಲಿಂದ ಖಾನಾಪುರ ದಾಟಿ ಪಶ್ಚಿಮದ ಕಾಡಿಗೆ ಇಳಿದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ತಾಲ್ಲೂಕಿನ ಆಫ್ರಿಕಾ ಮೂಲದ ಸಿದ್ದಿ ಕುಟುಂಬಗಳು ಇಲ್ಲಿ ನಾಲ್ಕು ಮನೆ, ಅಲ್ಲಿ ಹತ್ತು ಮನೆ ಎಂಬಂತೆ ಚದುರಿವೆ. ಆಚೆಗೆ ಉತ್ತರ ಕನ್ನಡದ ಹಳಿಯಾಳ, ಜೋಯಿಡಾ, ಯಲ್ಲಾಪುರ, ಮುಂಡಗೋಡ, ಅಂಕೋಲಾ. ಈಚೆಗೆ ಧಾರವಾಡ ಜಿಲ್ಲೆಯ ಕಲಘಟಗಿ. ಒಂದೇ ಜನ ಮೂರು ಜಿಲ್ಲೆಗಳಲ್ಲಿ ಹಂಚಿಹೋಗಿದ್ದಾರೆ. ಯಾವ ವಿಧಾನಸಭಾ ಕ್ಷೇತ್ರದಲ್ಲೂ ಗೆಲುವು ಸೋಲನ್ನು ನಿರ್ಧರಿಸುವಷ್ಟು ಅವರಿಲ್ಲ. ಖಾನಾಪುರದ ಚುನಾವಣೆಯಂತೂ ದಶಕಗಳ ಕಾಲ ಕನ್ನಡ, ಮರಾಠಿ ಎಂಬ ಒಂದೇ ತಕ್ಕಡಿಯಲ್ಲಿ ತೂಗಿದ್ದು. ಮನೆಯಲ್ಲಿ ಕೊಂಕಣಿ, ಸಂತೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಆಡುವ ಸಿದ್ದಿಗಳು ಆ ತಕ್ಕಡಿಯ ಯಾವ ತಟ್ಟೆಗೂ ಸೇರಲಿಲ್ಲ.

ಇಂಥ ಸಮುದಾಯದಿಂದ ಒಬ್ಬರು ಶಾಸನಸಭೆಗೆ ಬಂದದ್ದು 2020ರ ಜುಲೈನಲ್ಲಿ. ಯಲ್ಲಾಪುರ ತಾಲ್ಲೂಕಿನ ಹಿತ್ಲಳ್ಳಿಯ ಶಾಂತಾರಾಮ ಬುಡ್ನ ಸಿದ್ದಿ ಅವರನ್ನು ರಾಜ್ಯಪಾಲರು ವಿಧಾನ ಪರಿಷತ್ತಿಗೆ ನಾಮಕರಣ ಮಾಡಿದರು. ಸಮುದಾಯದ ಮೊದಲ ಪದವೀಧರರೆಂದು ಗುರುತಿಸಿಕೊಂಡ ಅವರು ವನವಾಸಿ ಕಲ್ಯಾಣದ ಕೆಲಸದಲ್ಲಿ ಕಾಡಿನ ಹಳ್ಳಿಗಳನ್ನು ವರ್ಷಗಟ್ಟಲೆ ಸುತ್ತಿದವರು. ಸಿದ್ದಿಗಳ ಪೂರ್ವಜರು ಪೋರ್ಚುಗೀಸರ ಮತ್ತು ಅರಬ್ಬರ ಹಡಗುಗಳಲ್ಲಿ ಗುಲಾಮರಾಗಿ ಈ ಕರಾವಳಿಗೆ ಬಂದಿಳಿದರು. ಅವರಲ್ಲಿ ಅನೇಕರು ಗೋವೆಯ ಒಡೆಯರಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಶತಮಾನಗಳ ಮೇಲೆ ಆ ಪೀಳಿಗೆಯ ಒಬ್ಬರು ಕರ್ನಾಟಕದ ಶಾಸನಸಭೆಯಲ್ಲಿ ಮೊದಲ ಬಾರಿಗೆ ಪ್ರಮಾಣವಚನ ತೆಗೆದುಕೊಂಡದ್ದು ಸಣ್ಣ ಸಂಗತಿಯಲ್ಲ.

ಅದೇ 2020ರಲ್ಲಿ ಖಾನಾಪುರಕ್ಕೆ ಇನ್ನೂ ಒಂದು ಸುದ್ದಿ ಬಂದಿತ್ತು. ಸಂಸತ್ತು ತಿದ್ದುಪಡಿ ಕಾಯ್ದೆಯ ಮೂಲಕ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳನ್ನೂ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿತು. ಉತ್ತರ ಕನ್ನಡದ ಸಿದ್ದಿಗಳು ಆ ಪಟ್ಟಿಗೆ ಸೇರಿದ್ದು 2003ರಲ್ಲೇ. ನಡುವೆ 17 ವರ್ಷ. ಅಣ್ಣ ಹಳಿಯಾಳದಲ್ಲಿದ್ದರೆ ಬುಡಕಟ್ಟಿನವನು, ತಮ್ಮ ಖಾನಾಪುರದಲ್ಲಿದ್ದರೆ ಅಲ್ಲ. 2011ರ ಜನಗಣತಿ ರಾಜ್ಯದಲ್ಲಿ ಪರಿಶಿಷ್ಟ ಪಂಗಡದವರು 42 ಲಕ್ಷಕ್ಕೂ ಹೆಚ್ಚು ಎಂದು ಎಣಿಸಿತು. ಖಾನಾಪುರದ ಒಬ್ಬ ಸಿದ್ದಿಯೂ ಆ ಎಣಿಕೆಯೊಳಗೆ ಬರಲಿಲ್ಲ.

ಈ 17 ವರ್ಷಗಳ ಬೆಲೆ ಏನೆಂದು ತಿಳಿಯಬೇಕಾದರೆ ಅರಣ್ಯ ಹಕ್ಕಿನ ಅರ್ಜಿಯೊಂದನ್ನು ಬಿಡಿಸಿ ನೋಡಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದ ಕುಟುಂಬ 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಅರಣ್ಯ ಭೂಮಿಯ ಅನುಭೋಗದಲ್ಲಿದ್ದೇವೆಂದು ತೋರಿಸಿದರೆ ಸಾಕು. ಪಂಗಡದ ಪಟ್ಟಿಯಲ್ಲಿ ಇಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲೇ ಬಾಳಿದ್ದನ್ನು ಸಾಬೀತುಪಡಿಸಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗುತ್ತದೆ. ಆಗ ಖಾನಾಪುರ ಇದ್ದದ್ದು ಮುಂಬಯಿ ಪ್ರಾಂತ್ಯದಲ್ಲಿ. ಉತಾರ ಇಲ್ಲ, ಮನೆಪಟ್ಟಿ ಇಲ್ಲ, ಅಜ್ಜ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಬಿದಿರು ತಟ್ಟಿಗೆ ಮಣ್ಣು ಮೆತ್ತಿದ ಮನೆ, ಬದಿಗೆ ಒಂದಿಷ್ಟು ಭತ್ತದ ಗದ್ದೆ, ಫಾರೆಸ್ಟಿನವರು ಕೊಟ್ಟ ಅತಿಕ್ರಮಣದ ನೋಟಿಸು: ಆ ಕುಟುಂಬದ ದಾಖಲೆ ಇಷ್ಟೇ. ಊರ ಹಿರಿಯರ ಹೇಳಿಕೆಯೂ ಪುರಾವೆಯೆಂದು ನಿಯಮ ಒಪ್ಪುತ್ತದೆ. ಕಚೇರಿಗಳು ಮಾತ್ರ ಕಾಗದವನ್ನೇ ಕೇಳುತ್ತವೆ. ಹಾಗಾಗಿ ಆ 17 ವರ್ಷ ಜಿಲ್ಲೆಯ ಗಡಿಗೆರೆಯ ಆಚೆ ಬದಿಯ ಸಿದ್ದಿಗೆ ಒಂದು ನ್ಯಾಯ, ಈಚೆ ಬದಿಯವನಿಗೆ ಇನ್ನೊಂದು ಎಂಬಂತಾಗಿತ್ತು.

ಇಂಥ ವ್ಯತ್ಯಾಸ ಶಾಸಕರ ಕಣ್ಣಿಗೆ ಬೀಳದಿರಲು ಕಾರಣ ಅವರ ಕೆಟ್ಟತನವಲ್ಲ. ಅದು ಯಾರ ಕ್ಷೇತ್ರದ ಪ್ರಶ್ನೆಯೂ ಆಗಿರಲಿಲ್ಲ, ಅಷ್ಟೇ. ವಿಧಾನಸಭೆಯ 224 ಸ್ಥಾನಗಳಲ್ಲಿ 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ಬೆಳಗಾವಿ ಜಿಲ್ಲೆಯಲ್ಲಿ ಯಮಕನಮರಡಿ, ಉತ್ತರ ಕನ್ನಡದಲ್ಲಿ ಒಂದೂ ಇಲ್ಲ. ರಾಜ್ಯದ ಪಂಗಡದ ಜನಸಂಖ್ಯೆಯಲ್ಲಿ ಮುಕ್ಕಾಲು ಪಾಲು ನಾಯಕ ಸಮುದಾಯ. ಅವರು ಗೆದ್ದು ಬರುವುದು ನ್ಯಾಯವೇ, ಅವರ ಹೋರಾಟಕ್ಕೆ ಸಿಕ್ಕ ಫಲವೇ. ಆದರೆ ಸಿದ್ದಿ, ಸೋಲಿಗ, ಜೇನುಕುರುಬ, ಕೊರಗರಂಥ ಸಣ್ಣ ಸಮುದಾಯಗಳು ಮತಪೆಟ್ಟಿಗೆಯ ದಾರಿಯಿಂದ ವಿಧಾನಸಭೆ ತಲುಪುವುದು ಇವತ್ತಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಅಸಾಧ್ಯ.

ಉಳಿದಿರುವ ಬಾಗಿಲು ಒಂದೇ. ಸಂವಿಧಾನದ 171ನೇ ವಿಧಿ ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ, ಸಮಾಜ ಸೇವೆಯಲ್ಲಿ ಅನುಭವವಿರುವವರನ್ನು ಪರಿಷತ್ತಿಗೆ ನಾಮಕರಣ ಮಾಡಲು ಅವಕಾಶ ಕೊಡುತ್ತದೆ. ಕರ್ನಾಟಕ ಪರಿಷತ್ತಿನ 75 ಸ್ಥಾನಗಳಲ್ಲಿ ಇಂಥವು 11. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಪಳಗಿದ ರಾಜಕಾರಣಿಗಳು ಈ ಬಾಗಿಲಿನಿಂದ ಬಂದಿದ್ದಾರೆ. 2020ರ ಪಟ್ಟಿಯಲ್ಲೂ ಎಚ್. ವಿಶ್ವನಾಥ್, ಸಿ.ಪಿ. ಯೋಗೇಶ್ವರ ಇದ್ದರು. ಅಂಥ ಪಟ್ಟಿಯಲ್ಲಿ ಒಬ್ಬ ಸಿದ್ದಿಯ ಹೆಸರು ಬಂದದ್ದು ಆಗಿನ ಸರ್ಕಾರದ ಒಳ್ಳೆಯ ತೀರ್ಮಾನ. ಆದರೆ ಅದು ಆ ಹೊತ್ತಿನ ತೀರ್ಮಾನ ಮಾತ್ರ. ಆರು ವರ್ಷದ ಅವಧಿ 2026ರ ಜುಲೈಗೆ ತೀರುತ್ತದೆ. ಆಮೇಲೆ ಆ ಕುರ್ಚಿ ಕಾಡಿನವರಿಗೇ ಹೋಗಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ, ಯಾವ ವಾಡಿಕೆಯೂ ಇಲ್ಲ.

ಅಂಥ ವಾಡಿಕೆಯೊಂದು ಬೇಕು. ಹನ್ನೊಂದರಲ್ಲಿ ಒಂದು ಸ್ಥಾನ ಸದಾ ಅರಣ್ಯವಾಸಿ ಸಣ್ಣ ಸಮುದಾಯಗಳದ್ದು ಎಂದು ಎಲ್ಲ ಪಕ್ಷಗಳೂ ಒಪ್ಪಿಕೊಳ್ಳಲಿ. ಒಮ್ಮೆ ಸಿದ್ದಿ, ಒಮ್ಮೆ ಕೊರಗ, ಒಮ್ಮೆ ಸೋಲಿಗ. ಇದಕ್ಕೆ ಸಂವಿಧಾನ ತಿದ್ದಬೇಕಿಲ್ಲ, ಹಣ ಮಂಜೂರು ಮಾಡಬೇಕಿಲ್ಲ.

ಬೇರೆ ದೇಶಗಳಲ್ಲಿ ಇದು ಹಳೆಯ ರೂಢಿ. ನ್ಯೂಜಿಲೆಂಡ್ 1867ರಲ್ಲೇ ಮಾವೊರಿಗಳಿಗೆಂದು ಸಂಸತ್ತಿನಲ್ಲಿ 4 ಸ್ಥಾನ ಮಾಡಿತು, ಇಂದು ಅವು 7 ಆಗಿವೆ. ಅಮೆರಿಕದ ಈಶಾನ್ಯ ತುದಿಯ ಮೇನ್ ರಾಜ್ಯದ ಶಾಸನಸಭೆಗೆ ಪೆನಾಬ್‌ಸ್ಕಾಟ್ ಮೂಲನಿವಾಸಿಗಳು 1823ರಲ್ಲೇ ಪ್ರತಿನಿಧಿಯನ್ನು ಕಳುಹಿಸಿದ್ದರು, 2015ರಲ್ಲಿ ಅವರನ್ನು ಹಿಂದಕ್ಕೆ ಕರೆಸಿಕೊಂಡರು. ಆ ಪ್ರತಿನಿಧಿ ಮಾತಾಡಬಹುದಿತ್ತು, ಮತ ಹಾಕುವಂತಿರಲಿಲ್ಲ. ನಮ್ಮ ಪರಿಷತ್ತಿನ ನಾಮಕರಣ ಸದಸ್ಯನಿಗೆ ಮಾತಿನ ಜೊತೆಗೆ ಮತವೂ ಇದೆ. ನಮ್ಮಲ್ಲೇ ವಿಧಾನಸಭೆಗೆ ಆಂಗ್ಲೋ ಇಂಡಿಯನ್ ಸದಸ್ಯರೊಬ್ಬರನ್ನು ನಾಮಕರಣ ಮಾಡುವ ಏರ್ಪಾಡು ಇತ್ತು. 104ನೇ ತಿದ್ದುಪಡಿಯಿಂದ 2020ರ ಜನವರಿಯಲ್ಲಿ ಅದು ನಿಂತಿತು. ಸಣ್ಣ ಸಮುದಾಯಕ್ಕೆ ಸಭೆಯಲ್ಲಿ ಜಾಗ ಕಾದಿರಿಸುವ ವಿಚಾರ ಈ ರಾಜ್ಯಕ್ಕೆ ಹೊಸದಲ್ಲ.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವೂ ಇದೆ. ನಾಮಕರಣಗೊಂಡವರ ಋಣ ಪಕ್ಷಕ್ಕೆ, ಸಮುದಾಯಕ್ಕಲ್ಲ. ಜನ ಆರಿಸದವರನ್ನು ಜನ ಪ್ರಶ್ನಿಸುವುದು ಹೇಗೆ ಎಂದು ಕೇಳುವವರಿದ್ದಾರೆ. ಸಿದ್ದಿಗಳಲ್ಲೇ ಹಿಂದೂ, ಕ್ರೈಸ್ತ, ಮುಸ್ಲಿಂ ಎಂದು ಮೂರು ಮತಗಳವರಿದ್ದಾರೆ. ಒಂದು ಪಕ್ಷ ಆರಿಸಿದ ಒಬ್ಬರು ಮೂವರಿಗೂ ದನಿಯಾಗುತ್ತಾರೆಯೇ ಎಂಬ ಅನುಮಾನ ಸಹಜ. ಈ ಅನುಮಾನಕ್ಕೆ ಸ್ಥಾನವನ್ನೇ ಬಿಟ್ಟುಕೊಡುವುದು ಉತ್ತರವಲ್ಲ. ಹೆಸರನ್ನು ಸಮುದಾಯವೇ ಸೂಚಿಸಲಿ. ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆಗಳು, ಮೂರೂ ಜಿಲ್ಲೆಗಳ ಸಿದ್ದಿ ಸಂಘಟನೆಗಳು ಸೇರಿ ಎರಡು ಮೂರು ಹೆಸರು ಕೊಡಲಿ, ಸರ್ಕಾರ ಅವುಗಳಲ್ಲೇ ಒಂದನ್ನು ಆರಿಸಲಿ. ಕ್ಷೇತ್ರದ ಗಡಿ ಇಲ್ಲದಿರುವುದು ಇಲ್ಲಿ ಅನುಕೂಲವೇ: ಯಲ್ಲಾಪುರದ ಸದಸ್ಯ ಖಾನಾಪುರದ ಅರ್ಜಿಯ ಬಗ್ಗೆ ಕೇಳಿದರೆ ಅದು ನಿಮ್ಮ ಕ್ಷೇತ್ರವಲ್ಲ ಎಂದು ಯಾವ ಅಧಿಕಾರಿಯೂ ಹೇಳಲಾರ.

ಬೆಳಗಾವಿಗೆ ಇದರಲ್ಲಿ ವಿಶೇಷ ಹೊಣೆಯಿದೆ. 2012ರ ಅಕ್ಟೋಬರ್ 11ರಂದು ಉದ್ಘಾಟನೆಯಾದ ಸುವರ್ಣ ವಿಧಾನಸೌಧ ಈ ಭಾಗದ ಜನರ ಮಾತು ಕೇಳಲೆಂದೇ ಕಟ್ಟಿದ್ದು. ಚಳಿಗಾಲದ ಅಧಿವೇಶನ ನಡೆಯುವಾಗ ನೇಕಾರರು, ಕಬ್ಬು ಬೆಳೆಗಾರರು, ಅಂಗನವಾಡಿ ಕಾರ್ಯಕರ್ತೆಯರು ಹೊರಗಿನ ಟೆಂಟುಗಳಲ್ಲಿ ಧರಣಿ ಕೂರುತ್ತಾರೆ, ಮಂತ್ರಿಗಳು ಬಂದು ಮನವಿ ಪಡೆಯುತ್ತಾರೆ. ಖಾನಾಪುರದ ಕಾಡಿನಿಂದ ಸೌಧಕ್ಕೆ ದೂರವೇನೂ ಹೆಚ್ಚಲ್ಲ. ಆದರೆ ದಿನಗೂಲಿ ಬಿಟ್ಟು, ಬಸ್ಸಿಲ್ಲದ ದಾರಿಯಲ್ಲಿ ನಡೆದು ಬಂದು ಟೆಂಟಿನಲ್ಲಿ ಕೂರುವುದು ಹತ್ತು ಮನೆಯ ವಾಡೆಯವರಿಗೆ ಆಗುವ ಮಾತಲ್ಲ. 2024ರ ಜುಲೈನಲ್ಲಿ ಭೀಮಗಡ ಅಭಯಾರಣ್ಯದ ಆಮಗಾಂವದಲ್ಲಿ ಎದೆನೋವಿನಿಂದ ನರಳುತ್ತಿದ್ದ ಮಹಿಳೆಯನ್ನು ಊರವರು ಸುರಿಮಳೆಯಲ್ಲಿ ಕಟ್ಟಿಗೆಯ ಚಟ್ಟದ ಮೇಲೆ ಹೊತ್ತು ಸಾಗಿಸಿದರು, ಆಕೆ ಬದುಕಲಿಲ್ಲ. ಆಗಷ್ಟೇ ಅಭಯಾರಣ್ಯದೊಳಗಿನ ಊರುಗಳು ಸುದ್ದಿಯಾದವು. ಅವರ ಪರವಾಗಿ ಮಾತಾಡುವವರು ಸೌಧದ ಒಳಗೇ ಇರಬೇಕು.

ಕೇಳಬೇಕಾದ ಪ್ರಶ್ನೆಗಳೂ ಕಣ್ಣ ಮುಂದಿವೆ. 75 ವರ್ಷದ ಪುರಾವೆ ಇಲ್ಲವೆಂದು ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ತಿರಸ್ಕೃತವಾದ ಸಿದ್ದಿಗಳ ಅರ್ಜಿಗಳನ್ನು ಪಂಗಡದ ಅರ್ಜಿಗಳೆಂದು ಮತ್ತೆ ಪರಿಶೀಲಿಸಬೇಕು. ಅರಣ್ಯವಾಸಿ ಬುಡಕಟ್ಟುಗಳಿಗೆ ಕೊಡುವ ಮೊಟ್ಟೆ, ಬೇಳೆ, ಬೆಲ್ಲ, ತುಪ್ಪದ ಪೌಷ್ಟಿಕ ಆಹಾರ ಖಾನಾಪುರದ ಕೊನೆಯ ಮನೆಗೂ ಮುಟ್ಟುತ್ತಿದೆಯೇ ಎಂದು ಲೆಕ್ಕ ಕೇಳಬೇಕು. ಜೋಯಿಡಾದ ಕುಣಬಿಗಳ ಕಡತವೂ ಹಾಗೆಯೇ ಉಳಿದಿದೆ. ಉತ್ತರ ಕನ್ನಡದ ಸಿದ್ದಿಗಳನ್ನು ಪಟ್ಟಿಗೆ ಸೇರಿಸಿದ ಕಾಯ್ದೆಯೇ ಗೋವೆಯ ಕುಣಬಿಗಳನ್ನೂ ಸೇರಿಸಿತು, ಗಡಿಯ ಈಚೆಗಿನ ಕುಣಬಿಗಳು ಮಾತ್ರ ಇನ್ನೂ ಹೊರಗಿದ್ದಾರೆ. ದಡ್ಡಿ ಎಂಬ ಬಿಡಾರಗಳಲ್ಲಿ ದನ, ಎಮ್ಮೆ ಸಾಕಿ ಬದುಕುವ ಗೌಳಿಗರ ಬೇಡಿಕೆಯೂ ಅದೇ ಸಾಲಿನಲ್ಲಿದೆ. ಪರಿಷತ್ತಿನ ಮುಂದಿನ ನಾಮಕರಣಕ್ಕೆ ಹೆಸರುಗಳನ್ನು ಆರಿಸುವ ಮೊದಲು ಸರ್ಕಾರ ಈ ವಾಡೆ, ದಡ್ಡಿಗಳ ಗ್ರಾಮಸಭೆಗಳಿಗೆ ಒಂದು ಪತ್ರ ಬರೆದು ಕೇಳಲಿ.